ಕೇಳಿದ್ದು–ಹೇಳಿದ್ದು: ನ್ಯಾನೋ ಮೊನೆಯಡಿಯ ಘರ್ಷಣೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಘರ್ಷಣೆಯ ಬಗ್ಗೆಯೇ ಇವೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ‘ನ್ಯಾನೋ ಟ್ರೈಬಾಲಜಿ’ ಎಂದು ಹೆಸರಿಟ್ಟುಕೊಂಡು, ಆಮೇಲೆ ಏನು ಮಾಡುವುದೆಂದು ಕೇಳಿದವರೇ ಹೆಚ್ಚು. ಘರ್ಷಣೆ, ಸವೆತ, ಕೀಲೆಣ್ಣೆ ಮೂರನ್ನೂ ಒಟ್ಟಿಗೆ ಓದುವ ಶಾಸ್ತ್ರಕ್ಕೆ ಟ್ರೈಬಾಲಜಿ ಎಂದು ಹೆಸರು. 1966ರಲ್ಲಿ ಬ್ರಿಟನ್ನಿನ ಜೋಸ್ಟ್ ವರದಿಯಿಂದ ಆ ಹೆಸರು ಚಾಲ್ತಿಗೆ ಬಂತು. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಘರ್ಷಣೆ ಹೊರೆಗೆ ತಕ್ಕಷ್ಟು ಇರುತ್ತದೆ, ತಾಗುವ ಜಾಗದ ವಿಸ್ತಾರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಪಿಯುಸಿಯಲ್ಲಿ ಓದಿದೆವು. ನ್ಯಾನೋ ಮಟ್ಟದಲ್ಲಿ ವಿಸ್ತಾರವೇ ಮುಖ್ಯ ಎನ್ನುತ್ತಾರೆ ನಮ್ಮ ಮೇಷ್ಟ್ರು. ಯಾವುದು ಸರಿ?
— ಬಿ.ಎಸ್ಸಿ. ವಿದ್ಯಾರ್ಥಿ, ಹಾಸನ

ಎರಡೂ ಸರಿ. ಪಿಯುಸಿ ಪುಸ್ತಕದ ನಿಯಮ 1699ರ ಅಮೊಂಟನ್ಸ್‌ನದು. ಅದರಲ್ಲಿ ‘ವಿಸ್ತಾರ’ ಎಂದರೆ ಕಣ್ಣಿಗೆ ಕಾಣುವ ವಿಸ್ತಾರ. ನುಣ್ಣಗೆ ಹೊಳಪು ಕೊಟ್ಟ ಉಕ್ಕಿನಲ್ಲೂ ಸೂಕ್ಷ್ಮವಾದ ಉಬ್ಬುತಗ್ಗುಗಳಿರುತ್ತವೆ. ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟರೆ ನಿಜವಾಗಿ ತಾಗುವುದು ಆ ಉಬ್ಬುಗಳ ತಲೆಗಳು ಮಾತ್ರ. ಹೊರೆ ಹೆಚ್ಚಿದಂತೆ ಹೊಸ ಉಬ್ಬುಗಳು ತಾಗುತ್ತವೆ, ತಾಗಿದವು ಚಪ್ಪಟೆಯಾಗುತ್ತವೆ. ಹೀಗಾಗಿ ನಿಜವಾದ ತಾಗು ವಿಸ್ತಾರ ಹೊರೆಗೆ ತಕ್ಕಂತೆ ಬೆಳೆಯುತ್ತದೆ. ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ ತೋರಿಸಿಕೊಟ್ಟದ್ದು ಇದನ್ನೇ. ಅಂದರೆ ಘರ್ಷಣೆ ಮೊದಲಿನಿಂದಲೂ ವಿಸ್ತಾರವನ್ನೇ ಅನುಸರಿಸುತ್ತಿತ್ತು. ಆ ವಿಸ್ತಾರ ಹೊರೆಯ ಹಿಂದೆ ಅಡಗಿತ್ತು, ಅಷ್ಟೆ.

ಚೂಪು ಮೊನೆಯಿಂದ ತಲವನ್ನು ಸವರಿ ನೋಡುವ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನಲ್ಲಿ, ಅಂದರೆ ಎಎಫ್‌ಎಂನಲ್ಲಿ, ತಾಗುವುದು ಒಂದೇ ಉಬ್ಬು: 20 ನ್ಯಾನೋಮೀಟರ್ ತ್ರಿಜ್ಯದ ಸಿಲಿಕಾನ್ ಮೊನೆ. ಗುಂಡು ಮೊನೆಯೊಂದು ಸಪಾಟು ತಲವನ್ನು ಒತ್ತಿದಾಗ ತಾಗು ವಿಸ್ತಾರ ಹೊರೆಯ ಮೂರನೇ ಎರಡರ ಘಾತದಲ್ಲಿ ಬೆಳೆಯುತ್ತದೆಯೇ ಹೊರತು ನೇರ ಅನುಪಾತದಲ್ಲಿ ಅಲ್ಲ. ಇದರ ಮೇಲೆ ಅಂಟುಬಲ ಬೇರೆ. ಗಾಳಿಯ ತೇವ ಮೊನೆಯ ಸುತ್ತ ನೀರಿನ ಕುತ್ತಿಗೆ ಕಟ್ಟಿದರೆ, ಅದು ಎಳೆಯುವ ಬಲ 4 × ಪೈ × ತ್ರಿಜ್ಯ × ಮೇಲ್ಮೈ ಎಳೆತ. ಇದಕ್ಕೆ 20 ನ್ಯಾನೋಮೀಟರ್ ತ್ರಿಜ್ಯವನ್ನೂ ನೀರಿನ 0.072 ನ್ಯೂಟನ್/ಮೀಟರ್ ಅನ್ನೂ ಹಾಕಿದರೆ ಸುಮಾರು 18 ನ್ಯಾನೋನ್ಯೂಟನ್ ಬರುತ್ತದೆ. ನೀವು ಕೊಡುವ ಹೊರೆಯೇ 5 ಅಥವಾ 10 ನ್ಯಾನೋನ್ಯೂಟನ್! ಹಾಗಾಗಿ ಹೊರೆ ಸೊನ್ನೆಯಾದರೂ ಘರ್ಷಣೆ ಇರುತ್ತದೆ. ಮೊನೆಯನ್ನು ಮೇಲಕ್ಕೆ ಎಳೆಯುತ್ತಿರುವಾಗಲೂ, ಕಿತ್ತು ಬರುವವರೆಗೆ, ಇರುತ್ತದೆ.

ಒಂದೇ ಹೊರೆಯಲ್ಲಿ ಅಳೆದು, ಭಾಗಿಸಿ, ‘ಘರ್ಷಣ ಗುಣಾಂಕ ಇಷ್ಟು’ ಎಂದು ವರದಿಯಲ್ಲಿ ಬರೆಯಬೇಡಿ. ಹೊರೆಗೆದುರಾಗಿ ಘರ್ಷಣೆಯ ಗೆರೆ ಎಳೆದು, ಕಿತ್ತುಬರುವ ಬಿಂದುವಿನವರೆಗೂ ತೋರಿಸಿ.

ಪ್ರಶ್ನೆ: ಬೇರೆ ಸಂಸ್ಥೆಯೊಂದರ ಎಎಫ್‌ಎಂನಲ್ಲಿ ಒಂದು ದಿನದ ಸ್ಲಾಟ್ ಸಿಕ್ಕಿದೆ. ಗ್ರಾಫೈಟ್ ಮೇಲಿನ ಘರ್ಷಣೆ ಅಳೆಯಬೇಕು. ಏನೇನು ಒಯ್ಯಬೇಕು, ಯಾವ ಕ್ರಮದಲ್ಲಿ ಮಾಡಬೇಕು?
— ಎಂ.ಎಸ್ಸಿ. ಭೌತಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಒಂದು ದಿನ ಎಂದರೆ ಕೈಗೆ ಸಿಗುವುದು ಐದಾರು ಗಂಟೆ. ಹಿಂದಿನ ದಿನವೇ ಮುಗಿಸಬಹುದಾದ ಕೆಲಸವನ್ನು ಅಲ್ಲಿಗೆ ಹೊತ್ತೊಯ್ಯಬೇಡಿ.

ಮಾದರಿಗೆ ಎಚ್‌ಒಪಿಜಿ ಎಂಬ ಪದರಪದರದ ಗ್ರಾಫೈಟ್, 10 ಮಿಲಿಮೀಟರ್ ಚೌಕದ ತುಂಡು ಸಾಕು. ಅದನ್ನು ಉಕ್ಕಿನ ಬಿಲ್ಲೆಯ ಮೇಲೆ ಸಿಲ್ವರ್ ಪೇಂಟಿನಿಂದ ಅಂಟಿಸಿ, ರಾತ್ರಿಯಿಡೀ ಒಣಗಲು ಬಿಡಿ. ಎರಡೂ ಬದಿ ಅಂಟಿರುವ ಟೇಪ್ ಸುಲಭವೇನೋ ಹೌದು, ಆದರೆ ಅದು ಗಂಟೆಗಟ್ಟಲೆ ನಿಧಾನವಾಗಿ ಜರುಗುತ್ತಿರುತ್ತದೆ. 5 ನ್ಯಾನೋಮೀಟರ್ ಚಿತ್ರ ತೆಗೆಯುವಾಗ ಅಣುಗಳ ಸಾಲು ಓರೆಯಾಗಿ ಬರುವುದು ಅದರಿಂದಲೇ. ಮೇಲಿನ ಪದರವನ್ನು ಅಲ್ಲೇ, ಅಳೆಯುವ ಮುಂಚೆ, ಸೆಲ್ಲೋಟೇಪ್ ಒತ್ತಿ ನಿಧಾನವಾಗಿ ಸುಲಿಯಿರಿ. ಟೇಪಿನ ಮೇಲೆ ಇಡೀ ಹಾಳೆ ಬಂದರೆ ಒಳ್ಳೆಯ ಲಕ್ಷಣ. ಎದ್ದುನಿಂತ ಚೂರುಗಳಿದ್ದರೆ ಇನ್ನೊಮ್ಮೆ ಸುಲಿಯಿರಿ, ಇಲ್ಲವಾದರೆ ಅವು ಮೊನೆಗೆ ಅಂಟಿಕೊಳ್ಳುತ್ತವೆ.

ಹೋಲಿಕೆಗೆ ಒಂದು ತುಂಡು ಮೈಕಾ ಇರಲಿ. ಗ್ರಾಫೈಟಿನ ಘರ್ಷಣೆ ಎಷ್ಟು ಕಡಿಮೆಯೆಂದರೆ, ಯಂತ್ರದ ಸಿಗ್ನಲ್ಲಿನ ಗದ್ದಲದಲ್ಲಿ ಅದು ಮುಳುಗಿಹೋದದ್ದೇ ಗೊತ್ತಾಗುವುದಿಲ್ಲ. ಮೈಕಾ ಮೇಲೆ ಸಿಗ್ನಲ್ ಚೆನ್ನಾಗಿ ಬಂದು ಗ್ರಾಫೈಟ್ ಮೇಲೆ ಬರದಿದ್ದರೆ ದೋಷ ಜೋಡಣೆಯಲ್ಲಿಲ್ಲ ಎಂದು ಧೈರ್ಯ.

ಕ್ಯಾಂಟಿಲಿವರ್, ಅಂದರೆ ಮೊನೆಯನ್ನು ಹೊತ್ತ ತೆಳು ಪಟ್ಟಿ, ಆಯತಾಕಾರದ್ದು, ಕಾಂಟ್ಯಾಕ್ಟ್ ಮೋಡಿನದು (ಮೊನೆ ತಲಕ್ಕೆ ತಾಗಿಕೊಂಡೇ ಓಡುವ ಕ್ರಮದ್ದು), 0.1ರಿಂದ 0.3 ನ್ಯೂಟನ್/ಮೀಟರ್ ಬಿಗಿತದ್ದು. ವಿ ಆಕಾರದ್ದು ಬೇಡ, ಅದರ ತಿರುಚು ಲೆಕ್ಕ ಗೋಜಲು. ಕನಿಷ್ಠ ಐದು ಒಯ್ಯಿರಿ. ಮೊದಲನೆಯದು ಇಳಿಸುವಾಗಲೇ ಮುರಿಯುತ್ತದೆ ಎಂದುಕೊಂಡೇ ಹೊರಡುವುದು ಒಳ್ಳೆಯದು.

ಯಂತ್ರ ಹಚ್ಚಿ ಲೇಸರ್ ಉರಿಸಿ ಒಂದು ಗಂಟೆ ಬಿಡಿ. ಶಾಖ ನೆಲೆಗೊಳ್ಳದೆ ಅಳತೆ ನೆಲೆಗೊಳ್ಳದು. ಲೇಸರ್ ಚುಕ್ಕೆ ಕ್ಯಾಂಟಿಲಿವರಿನ ತುದಿಯ ಹತ್ತಿರ, ಅಗಲದ ನಡುಮಧ್ಯೆ ಇರಲಿ. ಅಲ್ಲಿಂದ ಪ್ರತಿಫಲಿಸಿದ ಬೆಳಕು ಬೀಳುವ ಫೋಟೋ ಡಯೋಡಿನಲ್ಲಿ ಮೇಲು–ಕೆಳಗಿನ (ಬಾಗಿನ) ಸಿಗ್ನಲ್, ಎಡ–ಬಲದ (ತಿರುಚಿನ, ಅಂದರೆ ಅಡ್ಡ) ಸಿಗ್ನಲ್ ಎರಡನ್ನೂ ಸೊನ್ನೆಗೆ ತನ್ನಿ. ಆಮೇಲೆ ಸ್ಕ್ಯಾನ್ ಕೋನವನ್ನು ನೋಡಿ. ಮೊನೆ ಕ್ಯಾಂಟಿಲಿವರಿನ ಉದ್ದಕ್ಕೆ ಅಡ್ಡಲಾಗಿ ಓಡಬೇಕು, ಅಂದರೆ ಬಹುತೇಕ ಯಂತ್ರಗಳಲ್ಲಿ 90 ಡಿಗ್ರಿ. ಅಡ್ಡ ಓಡಿದರೆ ಮಾತ್ರ ಅದು ತಿರುಚಿಕೊಳ್ಳುತ್ತದೆ. ಉದ್ದಕ್ಕೆ ಓಡಿಸಿದರೆ ಘರ್ಷಣೆ ಬಾಗುವಿಕೆಯೊಳಗೆ ಬೆರೆತುಹೋಗುತ್ತದೆ. ದಿನವಿಡೀ 0 ಡಿಗ್ರಿಯಲ್ಲೇ ಅಳೆದು, ‘ಗ್ರಾಫೈಟಿಗೆ ಘರ್ಷಣೆಯೇ ಇಲ್ಲ’ ಎಂದು ಬರೆದ ವರದಿಗಳು ಅಪರೂಪವಲ್ಲ.

ಮೊದಲು 2 ಮೈಕ್ರೋಮೀಟರ್ ಚೌಕದ ಚಿತ್ರ ತೆಗೆದು ಮೆಟ್ಟಿಲಿಲ್ಲದ ಬಯಲು ಹುಡುಕಿ. ಪದರದ ಅಂಚಿನಲ್ಲಿ ಘರ್ಷಣೆ ಏಕಾಏಕಿ ಏರುತ್ತದೆ, ಸರಾಸರಿಯನ್ನೆಲ್ಲ ಕೆಡಿಸುತ್ತದೆ. ಬಯಲಿನಲ್ಲಿ 500 ನ್ಯಾನೋಮೀಟರ್ ಗೆರೆ, ಸೆಕೆಂಡಿಗೆ 2 ಸಲ. ಹೋಗುವಾಗಿನದು, ಬರುವಾಗಿನದು ಎರಡೂ ಅಡ್ಡ ಸಿಗ್ನಲ್ ಉಳಿಸಿಕೊಳ್ಳಿ. ಎರಡರ ವ್ಯತ್ಯಾಸದ ಅರ್ಧವೇ ಘರ್ಷಣೆ. ಒಂದು ದಿಕ್ಕಿನ ಚಿತ್ರವನ್ನಷ್ಟೇ ಉಳಿಸಿ ತಂದರೆ ಮನೆಗೆ ಬಂದ ಮೇಲೆ ಮಾಡುವುದಕ್ಕೇನೂ ಇರುವುದಿಲ್ಲ: ಎತ್ತರದ ಇಳಿಜಾರು, ಡಯೋಡಿನ ಓರೆ ಎಲ್ಲ ಅದರಲ್ಲಿ ಕಲಸಿಕೊಂಡಿರುತ್ತವೆ. ತಿರುಗುವ ಎರಡೂ ತುದಿಗಳಲ್ಲಿ ಮೊನೆ ಇನ್ನೂ ಅಂಟಿಕೊಂಡೇ ಇರುತ್ತದೆ, ಜಾರಿರುವುದಿಲ್ಲ. ಆ ಭಾಗ ಬಿಟ್ಟು ನಡುವಿನ ಮುಕ್ಕಾಲು ಭಾಗದ ಸರಾಸರಿ ತೆಗೆಯಿರಿ.

ಹೊರೆಯನ್ನು 20 ನ್ಯಾನೋನ್ಯೂಟನ್‌ನಿಂದ 2ರಂತೆ ಇಳಿಸುತ್ತ ಕಿತ್ತುಬರುವವರೆಗೆ ಹೋಗಿ, ಮತ್ತೆ ಏರಿಸುತ್ತ ಬನ್ನಿ. ಪ್ರತಿ ಹೊರೆಗೆ 32 ಗೆರೆ ಸಾಕು. ಏರಿಕೆಯ ಗೆರೆ ಇಳಿಕೆಯ ಗೆರೆಯ ಮೇಲೆ ಕೂರದಿದ್ದರೆ ನಡುವೆ ಮೊನೆ ಬದಲಾಗಿದೆ. ಇದನ್ನು ಹಿಡಿಯಲು ಇನ್ನೊಂದು ಸುಲಭ ದಾರಿ ಉಂಟು: ಶುರುವಿನಲ್ಲೂ ಕೊನೆಯಲ್ಲೂ ಅಂಟುಬಲ ಅಳೆಯಿರಿ. 10 ಇದ್ದದ್ದು 25 ನ್ಯಾನೋನ್ಯೂಟನ್ ಆಗಿದ್ದರೆ ಮೊನೆ ಮೊಂಡಾಗಿದೆ. ಆಶ್ಚರ್ಯವೇನಿಲ್ಲ. 20 ನ್ಯಾನೋಮೀಟರ್ ತ್ರಿಜ್ಯದ ಮೊನೆ 10 ನ್ಯಾನೋನ್ಯೂಟನ್‌ನಲ್ಲಿ ಒತ್ತಿದರೂ ಮೈಕಾದಂಥ ಗಟ್ಟಿ ತಲದ ಮೇಲೆ ಒತ್ತಡ 1.5 ಗಿಗಾಪಾಸ್ಕಲ್, ಅಂದರೆ ವಾಯುಭಾರದ ಹದಿನೈದು ಸಾವಿರ ಪಟ್ಟು, ಮುಟ್ಟುತ್ತದೆ.

ಅಣುಸಾಲು ಕಾಣಬೇಕೆಂಬ ಆಸೆಯಿದ್ದರೆ ಕೊನೆಯ ಅರ್ಧ ಗಂಟೆ ಅದಕ್ಕಿಡಿ: 5ರಿಂದ 10 ನ್ಯಾನೋಮೀಟರ್, ಸೆಕೆಂಡಿಗೆ 10 ಗೆರೆ, ಫೀಡ್‌ಬ್ಯಾಕ್ ಗೇನ್ ಬಹಳ ಕಡಿಮೆ. ಅಡ್ಡ ಸಿಗ್ನಲ್ಲಿನಲ್ಲಿ ಗರಗಸದ ಹಲ್ಲುಗಳಂತೆ 0.246 ನ್ಯಾನೋಮೀಟರಿಗೊಂದು ಜಿಗಿತ ಕಾಣುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಐಬಿಎಂ ಆಲ್ಮಡೆನ್ ಪ್ರಯೋಗಾಲಯದಲ್ಲಿ ಮೇಟ್ ಮತ್ತು ಸಂಗಡಿಗರು ಟಂಗ್‌ಸ್ಟನ್ ತಂತಿಯ ಮೊನೆಯಿಂದ ಮೊದಲು ಕಂಡದ್ದು ಇದನ್ನೇ. ಎಎಫ್‌ಎಂ ಹುಟ್ಟಿ ಆಗಿನ್ನೂ ಒಂದೇ ವರ್ಷ. ನಿಮಗೆ 0.246ರ ಬದಲು 0.28 ಬಂದರೆ ಹೊಸ ಸಂಶೋಧನೆ ಎಂದುಕೊಳ್ಳಬೇಡಿ. ಮೇಲಿಂದ ಕೆಳಗೆ ತೆಗೆದ ಚಿತ್ರವನ್ನೂ ಕೆಳಗಿಂದ ಮೇಲೆ ತೆಗೆದದ್ದನ್ನೂ ಪಕ್ಕಪಕ್ಕ ಇಡಿ. ಒಂದರಲ್ಲಿ ಹಿಗ್ಗಿ ಇನ್ನೊಂದರಲ್ಲಿ ಕುಗ್ಗಿದ್ದರೆ ಅದು ಶಾಖದ ಜರುಗು. ಎರಡರಲ್ಲೂ ಒಂದೇ ಆದರೆ ಸ್ಕ್ಯಾನರಿನ ಅಳತೆಗೋಲೇ ತಪ್ಪಿದೆ.

ಚಿತ್ರ ಬಿಡಿಸಿ ನೋಡಲು ಗ್ವಿಡಿಯನ್ ಎಂಬ ಉಚಿತ ತಂತ್ರಾಂಶ ಸಾಕು. ಆದರೆ ಯಂತ್ರದ ಮೂಲ ಕಡತಗಳನ್ನೇ ತನ್ನಿ. ಜೆಪೆಗ್ ಚಿತ್ರದಲ್ಲಿ ಅಂಕಿ ಇರುವುದಿಲ್ಲ, ಬಣ್ಣ ಇರುತ್ತದೆ.

ಪ್ರಶ್ನೆ: ನಮ್ಮ ಯಂತ್ರ ಅಡ್ಡ ಸಿಗ್ನಲ್ಲನ್ನು ಮಿಲಿವೋಲ್ಟಿನಲ್ಲಿ ಕೊಡುತ್ತದೆ. ನ್ಯಾನೋನ್ಯೂಟನ್ ಮಾಡುವುದು ಹೇಗೆ? ಕ್ಯಾಂಟಿಲಿವರ್ ಡಬ್ಬಿಯ ಮೇಲಿನ 0.2 ಹಾಕಿದರೆ ಸಾಲದೆ?
— ಸಂಶೋಧನಾ ವಿದ್ಯಾರ್ಥಿ, ಮೈಸೂರು

ಸಾಲದು, ಎರಡು ಕಾರಣಕ್ಕೆ.

ಮೊದಲನೆಯದು, 0.2 ಎಂಬುದು ಬಾಗುವ ಬಿಗಿತ. ಘರ್ಷಣೆಯಲ್ಲಿ ಆಗುವುದು ತಿರುಚು. 450 ಮೈಕ್ರೋಮೀಟರ್ ಉದ್ದ, 50 ಅಗಲ, 2 ದಪ್ಪದ ಸಿಲಿಕಾನ್ ಪಟ್ಟಿಗೆ ಬಾಗುವ ಬಿಗಿತ 0.19 ನ್ಯೂಟನ್/ಮೀಟರ್ ಬರುತ್ತದೆ. ಅದೇ ಪಟ್ಟಿಗೆ 15 ಮೈಕ್ರೋಮೀಟರ್ ಎತ್ತರದ ಮೊನೆಯಿದ್ದರೆ ಅಡ್ಡ ಬಿಗಿತ ಸುಮಾರು 80. ನಾನೂರು ಮಡಿಗೂ ಹೆಚ್ಚು! ಘರ್ಷಣೆಯ ಸಿಗ್ನಲ್ ಅಷ್ಟು ಕ್ಷೀಣವಾಗಿರುವುದೂ ಇದಕ್ಕೇ.

ಎರಡನೆಯದು ದಪ್ಪ. ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 2 ಮೈಕ್ರೋಮೀಟರ್ ಎಂದದ್ದು ನಿಜವಾಗಿ 1.8 ಇದ್ದರೆ ಬಿಗಿತ 27 ಪ್ರತಿಶತ ಕುಸಿಯಿತು. ಡಬ್ಬಿಯ ಮೇಲಿನ ಅಂಕಿ ಕಾರ್ಖಾನೆಯ ಮಾದರಿ ಅಂಕಿ. ನಿಮ್ಮ ಕೈಯಲ್ಲಿರುವ ಪಟ್ಟಿಯದಲ್ಲ.

ಬಾಗುವ ಬಿಗಿತಕ್ಕೆ ಥರ್ಮಲ್ ವಿಧಾನ ಬಳಸಿ. ಕೋಣೆಯ ಶಾಖಕ್ಕೇ ಪಟ್ಟಿಯ ತುದಿ ಸುಮಾರು 0.14 ನ್ಯಾನೋಮೀಟರ್ ನಡುಗುತ್ತಿರುತ್ತದೆ, ಆ ನಡುಕದಿಂದ ಬಿಗಿತ ತೆಗೆಯುತ್ತಾರೆ. ಇಲ್ಲವೇ ಸೇಡರ್ ವಿಧಾನ: ಮೇಲಿಂದ ಕಾಣುವ ಉದ್ದ, ಅಗಲ, ಅನುರಣನ ಕಂಪನಾಂಕ, ಅದರ ಗುಣಮಟ್ಟದ ಅಂಕ ಇಷ್ಟು ಸಾಕು, ದಪ್ಪ ಬೇಕಿಲ್ಲ. ತಿರುಚಿಗೂ ಇದೇ ವಿಧಾನದ ಇನ್ನೊಂದು ರೂಪವಿದೆ.

ಆದರೆ ತಿರುಚಿನ ಬಿಗಿತ ಸಿಕ್ಕರೂ ವೋಲ್ಟಿಗೆ ಎಷ್ಟು ತಿರುಚು ಎಂಬುದು ಉಳಿದೇ ಇರುತ್ತದೆ. ಎರಡನ್ನೂ ಒಟ್ಟಿಗೆ ಬಗೆಹರಿಸುವುದು ಇಳಿಜಾರು ವಿಧಾನ, 1996ರಲ್ಲಿ ಓಗಲ್‌ಟ್ರೀ, ಕಾರ್ಪಿಕ್, ಸಾಲ್ಮೆರಾನ್ ಕೊಟ್ಟದ್ದು. 54 ಡಿಗ್ರಿ 44 ನಿಮಿಷದ ಇಳಿಜಾರುಗಳಿರುವ ಸಿಲಿಕಾನ್ ಗ್ರೇಟಿಂಗ್ (ಸಾಲುಸಾಲು ದಿಬ್ಬಗಳ ಬಿಲ್ಲೆ) ಮಾರಾಟಕ್ಕೆ ಸಿಗುತ್ತದೆ. ಅದರ ಮೇಲೆ ಏರುವಾಗ, ಇಳಿಯುವಾಗ, ಸಪಾಟಿನಲ್ಲಿ ಅಡ್ಡ ಸಿಗ್ನಲ್ ಅಳೆಯಿರಿ. ಇಳಿಜಾರಿನ ಕೋನ ಗೊತ್ತಿರುವುದರಿಂದ ಎರಡು ಸಮೀಕರಣ, ಎರಡು ಅಜ್ಞಾತ: ಘರ್ಷಣ ಗುಣಾಂಕ, ವೋಲ್ಟಿನ ಬೆಲೆ. ಗ್ರೇಟಿಂಗ್ ಮೊನೆಯನ್ನು ತಿಂದುಹಾಕುತ್ತದೆ, ಹಾಗಾಗಿ ಇದು ದಿನದ ಕೊನೆಯ ಕೆಲಸ. ಲೇಸರ್ ಚುಕ್ಕೆಯನ್ನು ನಡುವೆ ಒಂದು ಕೂದಲೆಳೆ ಸರಿಸಿದರೂ ಮತ್ತೆ ಮೊದಲಿಂದ.

ಇನ್ನೊಂದು ಕಳ್ಳ ಇದ್ದಾನೆ. ಡಯೋಡ್ ಸ್ವಲ್ಪ ಓರೆಯಾಗಿ ಕೂತಿದ್ದರೆ ಬಾಗು ಕೂಡ ಅಡ್ಡ ಸಿಗ್ನಲ್ಲಿಗೆ ಸೋರುತ್ತದೆ. ಗಟ್ಟಿ ತಲದ ಮೇಲೆ ಮೊನೆಯನ್ನು ನೇರ ಒತ್ತಿ, ಓಡಿಸಬೇಡಿ. ಮೇಲು–ಕೆಳಗಿನ ಸಿಗ್ನಲ್ 1 ವೋಲ್ಟ್ ಏರುವಾಗ ಅಡ್ಡ ಸಿಗ್ನಲ್ ಎಷ್ಟು ಕದಲಿತು ನೋಡಿ. 10 ಮಿಲಿವೋಲ್ಟ್ ಪರವಾಗಿಲ್ಲ. 100 ಆದರೆ ಯಂತ್ರ ನೋಡಿಕೊಳ್ಳುವವರನ್ನು ಕರೆಯಿರಿ.

ಪ್ರಶ್ನೆ: ಒಂದೇ ಪದರದ ಗ್ರಾಫೀನ್ (ಗ್ರಾಫೈಟಿನ ಅಣುದಪ್ಪದ ಹಾಳೆ) ಮೇಲೆ ನಾಲ್ಕೈದು ಪದರದ್ದಕ್ಕಿಂತ ಹೆಚ್ಚು ಘರ್ಷಣೆ ಬರುತ್ತಿದೆ. ತೆಳುವಾದಷ್ಟೂ ಕಡಿಮೆ ಆಗಬೇಕಲ್ಲವೆ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಬೆಂಗಳೂರು

ನಿಮ್ಮ ಅಳತೆ ಸರಿಯಾಗಿಯೇ ಇದೆ. 2010ರಲ್ಲಿ ಗ್ರಾಫೀನ್, ಮಾಲಿಬ್ಡಿನಂ ಡೈಸಲ್ಫೈಡ್, ನಯೋಬಿಯಂ ಡೈಸೆಲೆನೈಡ್, ಬೋರಾನ್ ನೈಟ್ರೈಡ್ ಎಂಬ ಪದರಪದರದ ನಾಲ್ಕೂ ವಸ್ತುಗಳಲ್ಲಿ ಇದನ್ನೇ ಕಂಡರು. ಸಡಿಲವಾಗಿ ಹಾಸಿದ ದುಪ್ಪಟಿಯ ಮೇಲೆ ಬೆರಳು ಒತ್ತಿ ತಳ್ಳಿ ನೋಡಿ, ಬೆರಳ ಮುಂದೆ ಸುಕ್ಕು ಎದ್ದು ತಡೆಯುತ್ತದೆ. ಒಂಟಿ ಪದರ ಬಾಗಲು ಸುಲಭ, ಮೊನೆಗೆ ಅಂಟಿ ಮೇಲೇಳುತ್ತದೆ. ಪದರ ಹೆಚ್ಚಿದಂತೆ ಬಿಗಿಯಾಗಿ ಸುಕ್ಕು ತಗ್ಗುತ್ತದೆ. ಇದೇ ಗ್ರಾಫೀನನ್ನು ಮೈಕಾ ಮೇಲೆ ಕೂರಿಸಿದರೆ ಅದು ಗಟ್ಟಿಯಾಗಿ ಅಂಟುವುದರಿಂದ ಈ ವ್ಯತ್ಯಾಸ ಮಾಯವಾಗುತ್ತದೆ. ನಿಮ್ಮ ಪ್ರಾಜೆಕ್ಟಿಗೆ ಆ ಹೋಲಿಕೆ ಒಳ್ಳೆಯ ಮುಂದಿನ ಹೆಜ್ಜೆ.

ಪ್ರಶ್ನೆ: ಮೈಕಾ ಮೇಲೆ ಜನವರಿಯಲ್ಲಿ ಅಳೆದದ್ದಕ್ಕೂ ಜುಲೈಯಲ್ಲಿ ಅಳೆದದ್ದಕ್ಕೂ ಅಜಗಜಾಂತರ. ಮೊನೆ ಅದೇ ಕಂಪನಿಯದು, ಹೊರೆ ಅದೇ. ಎಲ್ಲಿ ತಪ್ಪಿದೆವು?
— ಸಂಶೋಧನಾ ವಿದ್ಯಾರ್ಥಿಗಳು, ಮಂಗಳೂರು

ಕರಾವಳಿಯ ಜುಲೈ ಎಂದ ಮೇಲೆ ಉತ್ತರ ಅರ್ಧ ಹೇಳಿದಂತಾಯಿತು. ಮೈಕಾ, ಸಿಲಿಕಾನಿನ ಮೇಲಿನ ಆಕ್ಸೈಡ್ ಎರಡೂ ನೀರನ್ನು ಇಷ್ಟಪಡುವ ತಲಗಳು. ತೇವ ಏರಿದಾಗ ನೀರಿನ ಕುತ್ತಿಗೆ ದಪ್ಪವಾಗುತ್ತದೆ, ಅಂಟುಬಲ ಬದಲಾಗುತ್ತದೆ, ಅದರೊಂದಿಗೆ ಘರ್ಷಣೆಯೂ. ಎಸಿ ಹಾಕಿದರೆ ಸಾಲದು: ಕಂಪ್ರೆಸರ್ ನಿಂತು ಹಚ್ಚಿಕೊಂಡಾಗೆಲ್ಲ ತೇವ ಏರಿಳಿಯುತ್ತದೆ, ಜೊತೆಗೆ ಗಾಳಿಯ ಬಡಿತ.

ಅಗ್ಗದ ಮತ್ತು ನಂಬಬಹುದಾದ ಉಪಾಯ ಉಪ್ಪಿನ ಬಟ್ಟಲು. ಎಎಫ್‌ಎಂ ಮುಚ್ಚಳದೊಳಗೆ ಉಪ್ಪಿನ ಪರ್ಯಾಪ್ತ ದ್ರಾವಣ ಇಟ್ಟರೆ ಮುಚ್ಚಿದ ಜಾಗದ ತೇವ ತಾನಾಗಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. 25 ಡಿಗ್ರಿಯಲ್ಲಿ ಲಿಥಿಯಂ ಕ್ಲೋರೈಡಿಗೆ 11 ಪ್ರತಿಶತ, ಮೆಗ್ನೀಸಿಯಂ ಕ್ಲೋರೈಡಿಗೆ 33, ಪೊಟ್ಯಾಸಿಯಂ ಕಾರ್ಬೊನೇಟಿಗೆ 43, ಸೋಡಿಯಂ ಕ್ಲೋರೈಡಿಗೆ 75. ತಳದಲ್ಲಿ ಕರಗದ ಉಪ್ಪು ಕಾಣುತ್ತಿರಬೇಕು. ಎಲ್ಲ ಕರಗಿದರೆ ಅದು ಪರ್ಯಾಪ್ತವಲ್ಲ, ಅಂಕಿಯೂ ಸುಳ್ಳು. ಅಂಗಡಿಯ ಅಯೋಡೈಸ್ಡ್ ಉಪ್ಪಿನಲ್ಲಿ ಗಂಟುಕಟ್ಟದಂತೆ ಬೇರೆ ಪುಡಿ ಬೆರೆಸಿರುತ್ತಾರೆ, ಪ್ರಯೋಗಾಲಯದ ಉಪ್ಪನ್ನೇ ಬಳಸಿ. ಎರಡು ಗಂಟೆ ಬಿಟ್ಟು, ಒಳಗೇ ಇಟ್ಟ ಹೈಗ್ರೋಮೀಟರ್ ನೋಡಿ, ಆಮೇಲೆ ಅಳೆಯಿರಿ. ಬಟ್ಟಲು ಸ್ಕ್ಯಾನರಿಗೆ ತಾಗುವಷ್ಟು ಹತ್ತಿರ ಬೇಡ. ಉಪ್ಪು ಅಂಚು ಹತ್ತಿ ಹೊರಬರುತ್ತದೆ, ಲೋಹವನ್ನು ತಿನ್ನುತ್ತದೆ. ಮೈಕಾವನ್ನು ಆ ಹೊತ್ತಿಗೇ ಸುಲಿಯಿರಿ, ನಿನ್ನೆ ಸುಲಿದದ್ದರ ಮೇಲೆ ಕೋಣೆಯ ಎಣ್ಣೆಜಿಡ್ಡಿನ ಅಣುಗಳು ಕೂತಿರುತ್ತವೆ.

ಪತ್ರದ ಕೊನೆಯಲ್ಲಿ ಗ್ರಾಫೈಟ್ ಮತ್ತು ಮಾಲಿಬ್ಡಿನಂ ಡೈಸಲ್ಫೈಡ್ ಎರಡೂ ‘ಒಣ ಕೀಲೆಣ್ಣೆ’ಗಳಾದ್ದರಿಂದ ಒಂದೇ ತರಹ ವರ್ತಿಸುತ್ತವೆಯೇ ಎಂದೂ ಕೇಳಿದ್ದೀರಿ. ತೇವದ ವಿಷಯದಲ್ಲಿ ಅವು ಎಣ್ಣೆ–ಸೀಗೆಕಾಯಿ. ದೊಡ್ಡ ಯಂತ್ರಭಾಗಗಳಲ್ಲಿ ಗ್ರಾಫೈಟ್ ಜಾರಬೇಕಾದರೆ ಗಾಳಿಯಲ್ಲಿ ನೀರಾವಿ ಬೇಕು. ಎರಡನೇ ಮಹಾಯುದ್ಧದಲ್ಲಿ ಎತ್ತರಕ್ಕೆ ಹಾರಿದ ವಿಮಾನಗಳ ಜನರೇಟರುಗಳಲ್ಲಿ ಕಾರ್ಬನ್ ಬ್ರಷ್‌ಗಳು ಒಣ ಗಾಳಿಗೆ ಸಿಕ್ಕಿ ಪುಡಿಪುಡಿಯಾದವು. ಮಾಲಿಬ್ಡಿನಂ ಡೈಸಲ್ಫೈಡ್ ಅದಕ್ಕೆ ತದ್ವಿರುದ್ಧ: ನಿರ್ವಾತದಲ್ಲಿ, ಒಣ ಗಾಳಿಯಲ್ಲಿ ಚೆನ್ನ, ತೇವದಲ್ಲಿ ಕೆಡುತ್ತದೆ. ಉಪಗ್ರಹಗಳ ಕೀಲುಗಳಿಗೆ ಅದನ್ನೇ ಬಳಿಯುವುದು ಅದಕ್ಕೇ. ಗ್ರಾಫೈಟ್ ಪೆನ್ಸಿಲಿನಿಂದ ಬಾಗಿಲ ಬೀಗ ಜಾರಿಸುವ ಉಪಾಯ ಮಂಗಳೂರಿನಲ್ಲಿ ಯಾವತ್ತೂ ಕೈಕೊಡದು.

ಪ್ರಶ್ನೆ: ಹೊಂಗೆ ಎಣ್ಣೆಗೆ ಮಾಲಿಬ್ಡಿನಂ ಡೈಸಲ್ಫೈಡ್ ನ್ಯಾನೋ ಪುಡಿ ಬೆರೆಸಿ ಫೋರ್ ಬಾಲ್ ಯಂತ್ರದಲ್ಲಿ (ಮೂರು ಗುಂಡುಗಳ ಮೇಲೆ ನಾಲ್ಕನೆಯದು ಉಜ್ಜಿ ತಿರುಗುವಂಥದ್ದು) ಪರೀಕ್ಷಿಸುತ್ತಿದ್ದೇವೆ. ಪ್ರಾಜೆಕ್ಟ್ ಹೆಸರು ‘ನ್ಯಾನೋ ಮಟ್ಟದ ಘರ್ಷಣೆ’. ಪುಡಿ ಮರುದಿನಕ್ಕೇ ತಳ ಸೇರುತ್ತಿದೆ. ಫಲಿತಾಂಶವೂ ಒಂದೊಂದು ಸಲ ಒಂದೊಂದು.
— ಮೆಕ್ಯಾನಿಕಲ್ ಬಿ.ಇ. ತಂಡ, ದಾವಣಗೆರೆ

ಮೊದಲು ಹೆಸರು ಬದಲಿಸಿ. ಪುಡಿ ನ್ಯಾನೋ ಇರಬಹುದು, ನೀವು ಅಳೆಯುತ್ತಿರುವುದು 12.7 ಮಿಲಿಮೀಟರ್ ಗುಂಡಿನ ಮೇಲೆ ಬಿದ್ದ ಮಿಲಿಮೀಟರ್ ಲೆಕ್ಕದ ಗಾಯ. ಅದರಲ್ಲಿ ಅವಮಾನವೇನೂ ಇಲ್ಲ. ಫೋರ್ ಬಾಲ್ ಯಂತ್ರ ಕೀಲೆಣ್ಣೆಯ ಗುಣ ನೋಡಲು ಇರುವ ಗಟ್ಟಿ ಸಾಧನ, ಬೆಂಗಳೂರಿನ ಡುಕಾಮ್ ಅಂಥ ಯಂತ್ರಗಳನ್ನು ತಯಾರಿಸುತ್ತದೆ. ‘ನ್ಯಾನೋ ಕಣ ಬೆರೆತ ಹೊಂಗೆ ಎಣ್ಣೆಯ ಸವೆತ ತಡೆ’ ಎಂದರೆ ಸಾಕು.

ಪುಡಿ ತಳ ಸೇರುವುದಕ್ಕೆ ಕಾರಣ ಸರಳ. ಅದರ ಸಾಂದ್ರತೆ 5ರ ಹತ್ತಿರ, ಎಣ್ಣೆಯದು 0.92. ಕಣ ಒಂಟಿಯಾಗಿದ್ದರೆ ತೇಲಿಕೊಂಡಿರುತ್ತದೆ. ಕಣಗಳು ದೊಡ್ಡ ಗುಂಪುಗಟ್ಟಿದರೆ ಮುಳುಗುತ್ತವೆ. ನಿಮ್ಮದು ಒಂದೇ ರಾತ್ರಿಯಲ್ಲಿ ತಳ ಸೇರಿತೆಂದರೆ ಎಣ್ಣೆಯೊಳಗೆ ಇರುವುದು ನ್ಯಾನೋ ಕಣವಲ್ಲ, ಅವುಗಳ ಉಂಡೆ. ಪೊಟ್ಟಣದ ಮೇಲಿನ ಗಾತ್ರ ನಂಬದೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಂದು ಚಿತ್ರ ತೆಗೆಸಿ.

ತೂಕದಲ್ಲಿ 0.5 ಪ್ರತಿಶತದಿಂದ ಶುರುಮಾಡಿ, 200 ಗ್ರಾಂ ಎಣ್ಣೆಗೆ 1 ಗ್ರಾಂ ಪುಡಿ. ಎಣ್ಣೆಯನ್ನು ಮೊದಲು ಸೋಸಿ, 105 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ತೇವ ತೆಗೆಯಿರಿ. ಪುಡಿಯನ್ನು ಹತ್ತರಲ್ಲಿ ಒಂದು ಭಾಗ ಎಣ್ಣೆಯೊಂದಿಗೆ ಮೊದಲು ಕಲಸಿ ಲೇಹ್ಯದಂತೆ ಮಾಡಿಕೊಂಡು, ಆಮೇಲೆ ಉಳಿದ ಎಣ್ಣೆ ಸೇರಿಸುತ್ತ ಹೋಗಿ. ದೋಸೆ ಹಿಟ್ಟಿಗೆ ಗಂಟಿಲ್ಲದಂತೆ ನೀರು ಸೇರಿಸುವ ಕ್ರಮವೇ. ಅಲ್ಟ್ರಾಸೋನಿಕ್ ಪ್ರೋಬ್ ಇದ್ದರೆ 30 ನಿಮಿಷ, ಬಿಟ್ಟು ಬಿಟ್ಟು, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ನಡೆಸಿ. ಒಂದೇ ಸಮನೆ ನಡೆಸಿದರೆ ಎಣ್ಣೆ ಬಿಸಿಯೇರಿ ಆಕ್ಸಿಡೀಕರಣಗೊಳ್ಳುತ್ತದೆ.

ಬಹಳ ತಂಡಗಳು ಎಡವುವುದು ಇಲ್ಲಿಯೇ. ಹೋಲಿಕೆಗೆ ಇಡುವ ಬರೀ ಎಣ್ಣೆಗೂ ಅಷ್ಟೇ ಹೊತ್ತು ಅಲ್ಟ್ರಾಸೋನಿಕ್ ಕೊಡಬೇಕು. ಇಲ್ಲದಿದ್ದರೆ ಕಂಡ ವ್ಯತ್ಯಾಸ ಪುಡಿಯದೋ ಕೆಟ್ಟ ಎಣ್ಣೆಯದೋ ಹೇಳಲಾಗದು. ಇನ್ನೊಂದು ಹೋಲಿಕೆ, ಅದೇ ತೂಕದ ದಪ್ಪ ಪುಡಿ, ಹಲವು ಮೈಕ್ರೋಮೀಟರಿನದು. ದಪ್ಪ ಪುಡಿಯೂ ಅಷ್ಟೇ ಕೆಲಸ ಮಾಡಿದರೆ ‘ನ್ಯಾನೋ’ದಿಂದ ಆದದ್ದೇನೂ ಇಲ್ಲ. ಪುಡಿ ಚದುರಲೆಂದು ಓಲೆಯಿಕ್ ಆಮ್ಲ ಬೆರೆಸಿ ಅದರ ಪರಿಣಾಮ ಪ್ರತ್ಯೇಕ ಅಳೆಯುವ ಯೋಚನೆಯಿದ್ದರೆ ಹುಷಾರು: ಹೊಂಗೆ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚಿನ ಪಾಲು ಅದರದೇ, ಬಿಡಿ ಆಮ್ಲವಾಗಿಯೂ ಅಷ್ಟಿಷ್ಟು ಇದ್ದೇ ಇರುತ್ತದೆ.

ಪರೀಕ್ಷೆಗೆ ಎಎಸ್‌ಟಿಎಂ ಡಿ 4172 ಎಂಬ ಮಾನಕದ ಬಿ ಕ್ರಮ: 392 ನ್ಯೂಟನ್, ನಿಮಿಷಕ್ಕೆ 1200 ಸುತ್ತು, 75 ಡಿಗ್ರಿ, 60 ನಿಮಿಷ. ಪ್ರತಿ ಸಲ ನಾಲ್ಕೂ ಹೊಸ ಗುಂಡು. ಹೆಕ್ಸೇನ್, ಆಮೇಲೆ ಅಸಿಟೋನ್‌ನಲ್ಲಿ ತೊಳೆದು ಒಣಗಿಸಿ. ಗುಂಡುಗಳ ಮೇಲಿನ ತುಕ್ಕುತಡೆ ಎಣ್ಣೆ ಉಳಿದರೆ ಅದೇ ಒಂದು ಕೀಲೆಣ್ಣೆ. ಹೋಲ್ಡರನ್ನೂ ತೊಳೆಯಿರಿ, ಹಿಂದಿನ ಸಲದ ಪುಡಿ ಮೂಲೆಯಲ್ಲಿ ಕೂತಿರುತ್ತದೆ. ನಿಮ್ಮ ‘ಒಂದೊಂದು ಸಲ ಒಂದೊಂದು’ ದೂರಿಗೆ ಕಾರಣ ಬಹುಶಃ ಇದು, ಇಲ್ಲವೇ ಬಾಟಲಿ ಅಲುಗಾಡಿಸದೆ ಮೇಲಿನ ಎಣ್ಣೆ ಸುರಿದದ್ದು. ಕೆಳಗಿನ ಮೂರೂ ಗುಂಡುಗಳ ಗಾಯವನ್ನು ಗೀರಿನ ಉದ್ದಕ್ಕೂ ಅಡ್ಡಕ್ಕೂ ಅಳೆದು ಆರು ಅಳತೆಯ ಸರಾಸರಿ ತೆಗೆಯಿರಿ, ಪ್ರತಿ ಮಿಶ್ರಣಕ್ಕೆ ಮೂರು ಸಲ. ಒಂದು ಲಗಾಮು ನೆನಪಿಡಿ: ಈ ಹೊರೆಯಲ್ಲಿ ಸವೆತವೇ ಇಲ್ಲದಿದ್ದರೂ ಗುಂಡುಗಳು ಒತ್ತಿ ತಾಗುವ ವೃತ್ತದ ವ್ಯಾಸ 0.30 ಮಿಲಿಮೀಟರ್. ನಿಮ್ಮ ಗಾಯ 0.25 ಎಂದು ಬಂದರೆ ಎಣ್ಣೆ ಅದ್ಭುತ ಎಂದಲ್ಲ, ಸೂಕ್ಷ್ಮದರ್ಶಕದ ಅಳತೆಪಟ್ಟಿ ತಪ್ಪಿದೆ ಎಂದರ್ಥ.

ನಿಜಕ್ಕೂ ನ್ಯಾನೋ ಮಟ್ಟ ಮುಟ್ಟುವ ಮನಸ್ಸಿದ್ದರೆ, ತೊಳೆದ ಗುಂಡಿನ ಗಾಯದೊಳಗೆ ಉಳಿದ ಪದರವನ್ನು ಎಎಫ್‌ಎಂನಲ್ಲಿ ನೋಡಿ. ಗುಂಡು ದುಂಡಗಿದೆಯೆಂದು ಹೆದರಬೇಡಿ, 20 ಮೈಕ್ರೋಮೀಟರ್ ಅಗಲದಲ್ಲಿ ಅದರ ಉಬ್ಬು ಬರೀ 8 ನ್ಯಾನೋಮೀಟರ್.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಯಾವ ಯಂತ್ರವೂ ಇಲ್ಲ, ಒಂದು ಲ್ಯಾಪ್‌ಟಾಪ್ ಇದೆ. ಈ ವಿಷಯದಲ್ಲಿ ಏನಾದರೂ ಮಾಡಬಹುದೆ?
— ಬಿ.ಎಸ್ಸಿ. ವಿದ್ಯಾರ್ಥಿ, ಕಲಬುರಗಿ

ಧಾರಾಳವಾಗಿ. ಪ್ರಾಂಟ್ಲ್ 1928ರಲ್ಲಿ, ಟಾಮ್ಲಿನ್ಸನ್ 1929ರಲ್ಲಿ ಕೊಟ್ಟ ಮಾದರಿ ಇವತ್ತಿಗೂ ಈ ಕ್ಷೇತ್ರದ ಅಆಇಈ. ಅಲೆಅಲೆಯಾದ ತಲದ ಮೇಲೆ ಒಂದು ಕಣ, ಅದನ್ನು ಸ್ಪ್ರಿಂಗಿನಿಂದ ಎಳೆಯುವ ಒಂದು ಕೈ, ಅಷ್ಟೆ. ಅಲೆಯ ಉದ್ದ 0.25 ನ್ಯಾನೋಮೀಟರ್, ತಗ್ಗಿನಿಂದ ದಿಬ್ಬದ ಎತ್ತರ 0.5 ಎಲೆಕ್ಟ್ರಾನ್ ವೋಲ್ಟ್, ಸ್ಪ್ರಿಂಗ್ 2 ನ್ಯೂಟನ್/ಮೀಟರ್ ಇಟ್ಟುಕೊಳ್ಳಿ. ಕೈಯನ್ನು 0.001 ನ್ಯಾನೋಮೀಟರಿನಂತೆ ಮುಂದೆ ಸರಿಸುತ್ತ, ಪ್ರತಿ ಹೆಜ್ಜೆಯಲ್ಲೂ ಕಣ ಹಿಂದಿನ ಜಾಗದಿಂದ ಇಳಿಜಾರು ಹಿಡಿದು ಹತ್ತಿರದ ತಗ್ಗಿಗೆ ಇಳಿಯಲಿ. ಸ್ಪ್ರಿಂಗಿನ ಎಳೆತವನ್ನು ಬರೆದಿಡಿ. ಪೈಥಾನಿನಲ್ಲಿ ಮೂವತ್ತು ಸಾಲು ಸಾಕು.

ಎಳೆತ 1 ನ್ಯಾನೋನ್ಯೂಟನ್‌ವರೆಗೆ ಏರಿ, ಕಣ ಮುಂದಿನ ತಗ್ಗಿಗೆ ಜಿಗಿದು, ಸುಮಾರು 0.42 ನ್ಯಾನೋನ್ಯೂಟನ್ ಇಳಿಯಬೇಕು, 0.25 ನ್ಯಾನೋಮೀಟರಿಗೊಂದು ಹಲ್ಲು. ಇದು ಬಂದರೆ ನಿಮ್ಮ ಪ್ರೋಗ್ರಾಂ ಸರಿ. ಎಳೆತದ ಸರಾಸರಿ ಸೊನ್ನೆ ಬಂದರೆ ಗಾಬರಿ ಬೇಡ, ಒಂದು ಸಾಮಾನ್ಯ ತಪ್ಪು ನುಸುಳಿದೆ: ಹತ್ತಿರದ ತಗ್ಗಿನ ಬದಲು ಎಲ್ಲಕ್ಕಿಂತ ಆಳದ ತಗ್ಗನ್ನು ಹುಡುಕುವ ಫಂಕ್ಷನ್ ಬಳಸಿದ್ದೀರಿ. ಕಣಕ್ಕೆ ದೂರದ ತಗ್ಗು ಕಾಣುವುದಿಲ್ಲ. ಎದುರಿನ ದಿಬ್ಬ ಇರುವವರೆಗೆ ಅದು ಸಿಕ್ಕಿಕೊಂಡೇ ಇರುತ್ತದೆ. ಘರ್ಷಣೆ ಹುಟ್ಟುವುದೇ ಆ ಸಿಕ್ಕಿಕೊಳ್ಳುವಿಕೆಯಿಂದ.

ಈಗ ದಿಬ್ಬವನ್ನು 0.03 ಎಲೆಕ್ಟ್ರಾನ್ ವೋಲ್ಟಿಗೆ ಇಳಿಸಿ. ಜಿಗಿತವೇ ಇಲ್ಲ, ಕಣ ನಯವಾಗಿ ಏರಿಳಿಯುತ್ತದೆ, ಸರಾಸರಿ ಸೊನ್ನೆ. ಈ ಸಲದ ಸೊನ್ನೆ ಮಾತ್ರ ನಿಜವಾದದ್ದು. 2 × ಪೈ ವರ್ಗ × ದಿಬ್ಬದ ಎತ್ತರವನ್ನು ಸ್ಪ್ರಿಂಗ್ ಬಿಗಿತ × ಅಲೆಯುದ್ದದ ವರ್ಗದಿಂದ ಭಾಗಿಸಿ. ಮೊದಲ ಸಲ 12.65, ಎರಡನೇ ಸಲ 0.76. ಗಡಿ 1ರಲ್ಲಿದೆ. 2004ರಲ್ಲಿ ಬಾಸೆಲ್‌ನ ಸಂಶೋಧಕರು ಉಪ್ಪಿನ ಹರಳಿನ ಮೇಲೆ ಹೊರೆ ಇಳಿಸುತ್ತ ಇದೇ ಗಡಿ ದಾಟಿದ್ದನ್ನು ಎಎಫ್‌ಎಂನಲ್ಲಿ ತೋರಿಸಿದರು.

ಅಣು ಅಣುವನ್ನೂ ಲೆಕ್ಕಹಾಕುವ ಲ್ಯಾಂಪ್ಸ್‌ನಂಥ ತಂತ್ರಾಂಶಕ್ಕೆ ಈಗಲೇ ಹಾರಬೇಡಿ. ಅದರಲ್ಲಿ ಎಳೆಯುವ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಮೀಟರ್ ಲೆಕ್ಕದ್ದು, ಎಎಫ್‌ಎಂನಲ್ಲಿ ನೂರಾರು, ಹೆಚ್ಚೆಂದರೆ ಸಾವಿರಾರು ನ್ಯಾನೋಮೀಟರ್. ಈ ಅಂತರದ ಅರಿವಿಲ್ಲದೆ ಎರಡನ್ನೂ ಒಂದೇ ಗ್ರಾಫಿನಲ್ಲಿ ಕೂರಿಸಿದರೆ ಮೌಖಿಕ ಪರೀಕ್ಷೆಯಲ್ಲಿ ಕಷ್ಟ.

ಪ್ರಶ್ನೆ: ಸೂಪರ್‌ಲೂಬ್ರಿಸಿಟಿ ಎಂದರೆ ಘರ್ಷಣೆ ಸೊನ್ನೆಯೆ?
— ಓದುಗರು, ಶಿವಮೊಗ್ಗ

ಅಲ್ಲ, ಬಹಳ ಕಡಿಮೆ. ಎರಡು ಮೊಟ್ಟೆ ಟ್ರೇಗಳನ್ನು ಒಂದರೊಳಗೊಂದು ಕೂರಿಸಿದರೆ ಜಾರುವುದಿಲ್ಲ, ಮೇಲಿನದನ್ನು ಸ್ವಲ್ಪ ತಿರುಗಿಸಿಟ್ಟರೆ ಜಾರುತ್ತದೆ. ಅಣುಗಳ ಸಾಲುಗಳೂ ಹಾಗೆಯೇ. ಲೈಡನ್‌ನಲ್ಲಿ 2004ರಲ್ಲಿ ಗ್ರಾಫೈಟ್ ಚೂರೊಂದನ್ನು ಗ್ರಾಫೈಟ್ ಮೇಲೆ ಬೇರೆ ಬೇರೆ ಕೋನದಲ್ಲಿ ಎಳೆದು ನೋಡಿದರು. ಪ್ರತಿ 60 ಡಿಗ್ರಿಗೊಮ್ಮೆ ಘರ್ಷಣೆ ಏರಿತು, ನಡುವೆಲ್ಲ ಅಳತೆಗೆ ಸಿಗದಷ್ಟು ಇಳಿಯಿತು.

ಪ್ರಶ್ನೆ: ಸಣ್ಣ ಊರಿನ ಕಾಲೇಜಿನವರಿಗೆ ಇಂಥ ಯಂತ್ರದ ಬಾಗಿಲು ತೆರೆಯುವುದು ಹೇಗೆ? ಹಣಸಹಾಯ?
— ಉಪನ್ಯಾಸಕರು, ಬಳ್ಳಾರಿ

ಹಣಕ್ಕೆ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ ಇದೆ. ಅರ್ಜಿ ಕಾಲೇಜಿನ ಮೂಲಕ, ಮಾರ್ಗದರ್ಶಕರ ಹೆಸರಿನೊಂದಿಗೆ ಹೋಗಬೇಕು. ಯಂತ್ರಕ್ಕೆ, ದೇಶದ ಸಂಶೋಧನಾ ಉಪಕರಣಗಳ ಪಟ್ಟಿಯಿರುವ ಐ–ಸ್ಟೆಮ್ ತಾಣದಲ್ಲಿ ಹುಡುಕಿ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಇಂಜಿನಿಯರಿಂಗ್ ಕೇಂದ್ರದ ಅಳತೆ ಪ್ರಯೋಗಾಲಯ ಹೊರಗಿನವರಿಗೂ ತೆರೆದಿದೆ.

ಕೋರಿಕೆಯಲ್ಲಿ ‘ಎಎಫ್‌ಎಂ ಬೇಕು’ ಎಂದಷ್ಟೇ ಬರೆದರೆ ಎತ್ತರದ ಚಿತ್ರ ತೆಗೆದು ಕಳಿಸಿಬಿಡುತ್ತಾರೆ. ಕಾಂಟ್ಯಾಕ್ಟ್ ಮೋಡ್, 90 ಡಿಗ್ರಿ ಸ್ಕ್ಯಾನ್, ಎರಡೂ ದಿಕ್ಕಿನ ಅಡ್ಡ ಸಿಗ್ನಲ್, ಮೂಲ ಕಡತ, ಆ ಹೊತ್ತಿನ ತಾಪ ಮತ್ತು ತೇವ, ಬಳಸಿದ ಕ್ಯಾಂಟಿಲಿವರಿನ ಥರ್ಮಲ್ ಅಳತೆ, ಇಷ್ಟನ್ನೂ ಕಾಗದದಲ್ಲೇ ನಮೂದಿಸಿ. ಆದರೆ ವಿದ್ಯಾರ್ಥಿಯೊಬ್ಬರನ್ನು ಜೊತೆಗೆ ಕಳಿಸಿ ಪಕ್ಕದಲ್ಲಿ ಕೂರಿಸುವುದು ಇನ್ನೂ ಮೇಲು.